ಮಾತೂ ಬೇಕು, ಅನ್ನವೂ ಬೇಕು

ಮನಸ್ಸಿನ ಕಾಯಿಲೆಯನ್ನು ಮನೆಯ ಗುಟ್ಟೆಂದು ಬಚ್ಚಿಡುವ ಕಾಲ ಮೆಲ್ಲನೆ ಸರಿಯುತ್ತಿದೆ. ದೇಹದ ಕಾಯಿಲೆಗಿರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮಾ ಸೌಲಭ್ಯವಿರಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ವಿಧಿಸಿತು. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರದ ‘ಟೆಲಿ ಮಾನಸ್’ ದೂರವಾಣಿ ಸೇವೆ ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೆ ಮಾರ್ಗದರ್ಶಕ ಸಂಸ್ಥೆ. ಬಾಗಿಲು ತೆರೆದಿದೆ. ಆದರೆ ಊಟದ ತಟ್ಟೆಯನ್ನು ದಿನವೂ ದೂರ ತಳ್ಳುವ ಮಗಳನ್ನು, ತಿಂದದ್ದನ್ನು ಗುಟ್ಟಾಗಿ ವಾಂತಿಮಾಡುವ ಮಗನನ್ನು ಆ ಬಾಗಿಲಿಗೆ ಕರೆದೊಯ್ಯಬೇಕೆಂದು ನಮ್ಮ ಕುಟುಂಬಗಳಿಗೆ ತಿಳಿದಿದೆಯೇ?

ಅನೊರೆಕ್ಸಿಯಾ, ಬುಲಿಮಿಯಾ ಎಂಬ ಆಹಾರ ಸಂಬಂಧಿ ಕಾಯಿಲೆಗಳೂ ಖಿನ್ನತೆಯೂ ಬಹಳ ಸಲ ಜೊತೆಜೊತೆಯಾಗಿಯೇ ಇರುತ್ತವೆ. ದುಃಖದಿಂದ ಊಟ ಬಿಡುತ್ತಾರೆಂದು ನಾವು ಭಾವಿಸುತ್ತೇವೆ. ಊಟ ಬಿಟ್ಟದ್ದರಿಂದಲೇ ದುಃಖ ಹುಟ್ಟಬಹುದೆಂಬುದು 1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ವ್ಯಕ್ತವಾಯಿತು. ಯುದ್ಧದಲ್ಲಿ ಹಸಿದವರಿಗೆ ಹೇಗೆ ಮರಳಿ ಉಣಿಸಬೇಕೆಂದು ಅರಿಯಲು ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ತರುಣರಿಗೆ ಆರು ತಿಂಗಳು ಅರೆಹೊಟ್ಟೆಯ ಆಹಾರ ನೀಡಿದರು. ಅವರು ಮನಸ್ಸಾಕ್ಷಿಯ ಕಾರಣದಿಂದ ಆಯುಧ ಹಿಡಿಯಲು ಒಲ್ಲದೆ, ಸ್ವಇಚ್ಛೆಯಿಂದ ಇದಕ್ಕೆ ಮುಂದಾದವರು. ದೃಢಚಿತ್ತರಾದ ಅವರಲ್ಲಿಯೂ ಖಿನ್ನತೆ, ಸಿಡುಕು, ಏಕಾಂತಪ್ರಿಯತೆ, ಸದಾ ಆಹಾರದ್ದೇ ಚಿಂತೆ ತಲೆದೋರಿದವು.

ಆತ್ಮಕ್ಕೆ ದೇಹ ಸೆರೆಮನೆಯೆಂದು ಪ್ಲೇಟೊ ಬಗೆದನು. ಸಂತ ಥಾಮಸ್ ಅಕ್ವಿನಾಸರಾದರೋ ದೇಹ-ಆತ್ಮಗಳೆರಡೂ ಕೂಡಿಯೇ ಒಬ್ಬ ಮನುಷ್ಯನೆಂದರು. ಈ ಕಾಯಿಲೆಯ ವಿಷಯದಲ್ಲಿ ಅಕ್ವಿನಾಸರ ಮಾತೇ ನಿಲ್ಲುತ್ತದೆ. ಹಸಿದು ಸೊರಗಿದ ಮಿದುಳಿಗೆ ಬರಿಯ ಮಾತು ನಾಟದು. ಬರಿಯ ಅನ್ನದಿಂದ ಮನದ ಭಯ ನೀಗದು.

ಆದುದರಿಂದಲೇ ಮಾತಿನ ಚಿಕಿತ್ಸೆ ಎರಡನ್ನೂ ಹಿಡಿದು ನಡೆಯುತ್ತದೆ. ಆಕ್ಸ್‌ಫರ್ಡಿನ ಕ್ರಿಸ್ಟೋಫರ್ ಫೇರ್‌ಬರ್ನ್ 1980ರ ದಶಕದಲ್ಲಿ ಬುಲಿಮಿಯಾಕ್ಕಾಗಿ ರೂಪಿಸಿದ ಪದ್ಧತಿಯಲ್ಲಿ ರೋಗಿಯು ತಾನು ಏನನ್ನು, ಯಾವಾಗ, ಯಾವ ಮನಃಸ್ಥಿತಿಯಲ್ಲಿ ತಿಂದೆನೆಂದು ಬರೆದಿಡಬೇಕು, ಹೊತ್ತುಹೊತ್ತಿಗೆ ಉಣ್ಣಬೇಕು, ‘ನನ್ನ ಬೆಲೆ ನನ್ನ ತೂಕದಲ್ಲಿದೆ’ ಎಂಬ ಎಣಿಕೆಯನ್ನು ಚಿಕಿತ್ಸಕರೊಡನೆ ಕೂತು ಪರೀಕ್ಷಿಸಬೇಕು. ಬ್ರಿಟನ್ನಿನ 2017ರ ವೈದ್ಯಕೀಯ ಮಾರ್ಗಸೂಚಿಯು ಈ ಬಗೆಯ ಚಿಕಿತ್ಸೆಗೆ ವಯಸ್ಕರ ಬುಲಿಮಿಯಾದಲ್ಲಿ 20, ಅನೊರೆಕ್ಸಿಯಾದಲ್ಲಿ 40 ಭೇಟಿಗಳವರೆಗೆ ಸೂಚಿಸುತ್ತದೆ. ಊಟ ಸುಧಾರಿಸಿದಂತೆ ಹಲವರಲ್ಲಿ ಖಿನ್ನತೆಯೂ ತಗ್ಗುತ್ತದೆ. ತಗ್ಗದಿದ್ದರೆ ಅದಕ್ಕೂ ಪ್ರತ್ಯೇಕ ಚಿಕಿತ್ಸೆ ಅಗತ್ಯ. ಸಾಯುವ ಮಾತು ಬಂದರಂತೂ ಒಂದು ದಿನವೂ ತಡಮಾಡಕೂಡದು.

ಹದಿಹರೆಯದವರ ಚಿಕಿತ್ಸೆಯಲ್ಲಿ ತಂದೆತಾಯಿಯರೇ ಪಾಲುದಾರರು. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ಬೆಳೆದ ಕುಟುಂಬ ಚಿಕಿತ್ಸೆಯಲ್ಲಿ ಯಾರ ಮೇಲೂ ತಪ್ಪು ಹೊರಿಸದೆ, ಮಗುವಿಗೆ ಉಣಿಸುವ ಹೊಣೆಯನ್ನು ಕೆಲಕಾಲ ಹೆತ್ತವರಿಗೆ ಒಪ್ಪಿಸುತ್ತಾರೆ.

ಪ್ರಿಯ ಬಂಧುಗಳೇ, ‘ಧೈರ್ಯ ತಂದುಕೋ, ಚೆನ್ನಾಗಿ ಉಣ್ಣು’ ಎಂಬುದು ಬುದ್ಧಿವಾದ, ಚಿಕಿತ್ಸೆಯಲ್ಲ. ತಪಸ್ಸುಕಾಲದ ಉಪವಾಸದ ಮರೆಯಲ್ಲಿಯೂ ಈ ಕಾಯಿಲೆ ಅಡಗಬಲ್ಲದು. ಕಾಯಿಲೆಯವರಿಗೆ ಉಪವಾಸದ ಕಟ್ಟಳೆಯಿಲ್ಲವೆಂದು ಮಕ್ಕಳಿಗೆ ತಿಳಿಸಿರಿ. ಪಾಪಕ್ಕೆ ಪಾಪನಿವೇದನೆ, ಕಾಯಿಲೆಗೆ ವೈದ್ಯರು. ಮೊದಲು ದೇಹಪರೀಕ್ಷೆ ಮಾಡಿಸಿ, ಮನೋವೈದ್ಯರನ್ನು ಕಾಣಿರಿ. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ 14416ಕ್ಕೆ ಕರೆಮಾಡಿರಿ, ಕನ್ನಡದಲ್ಲಿಯೇ ಮಾತನಾಡಬಹುದು. ಆ ರಾತ್ರಿ ಮನೆಯಲ್ಲಿ ಊಟಕ್ಕೆ ಕುಳಿತಾಗ ತೂಕದ ಮಾತೆತ್ತಬೇಡಿರಿ. ಮಗುವಿನ ಪಕ್ಕದಲ್ಲಿ ಕುಳಿತು ನೀವೂ ಉಣ್ಣಿರಿ.