ಅಕ್ಷರಫಲಕವು ಹೇಳದ ಮಾತು

ಕನ್ನಡಕವನ್ನು ತೊರೆಯಬೇಕೆಂಬ ಹಂಬಲವು ತರುಣರಲ್ಲಿ ಸಹಜವಾದುದು. ಲೇಸರ್ ಚಿಕಿತ್ಸೆಯು ಅದನ್ನು ಕೆಲವೇ ನಿಮಿಷಗಳಲ್ಲಿ ಈಡೇರಿಸಬಲ್ಲುದು. ಅದರ ಗುಣವನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ಚಿಕಿತ್ಸೆಯು ಸಫಲವಾಯಿತೆಂದು ನಿರ್ಣಯಿಸುವ ಅಳತೆಗೋಲು ಯಾವುದೆಂಬುದನ್ನು ವಿದ್ಯಾರ್ಥಿಗಳು ಮೊದಲು ವಿಚಾರಿಸತಕ್ಕದ್ದು.

ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಕುಳಿತಿರುವ ಪಾರದರ್ಶಕ ಪಟಲಕ್ಕೆ ಕಾರ್ನಿಯಾ ಎಂದು ಹೆಸರು. ಅದರ ನಡುಭಾಗದ ದಪ್ಪವು ಸುಮಾರು ಅರ್ಧ ಮಿಲಿಮೀಟರು ಮಾತ್ರ. ಆದರೂ ಕಣ್ಣಿನೊಳಗೆ ಬೆಳಕನ್ನು ಬಾಗಿಸುವ ಕಾರ್ಯದಲ್ಲಿ ಮೂರರಲ್ಲಿ ಎರಡು ಪಾಲು ಇದರದೇ. ‘ಲೇಸಿಕ್’ ಎಂಬ ವಿಧಾನದಲ್ಲಿ ಕಾರ್ನಿಯಾದ ಮೇಲಿನ ತೆಳುವಾದ ಪದರವನ್ನು ಮುಚ್ಚಳದಂತೆ ಬಿಡಿಸಿ, ಕೆಳಗಿನ ಅಂಗಾಂಶವನ್ನು 193 ನ್ಯಾನೊಮೀಟರ್ ತರಂಗಾಂತರದ ನೇರಳಾತೀತ ಲೇಸರಿನಿಂದ ಸವೆಸಿ, ಪದರವನ್ನು ಮತ್ತೆ ಮುಚ್ಚುವರು.

ಇದರಲ್ಲಿ ಕೆಲವು ತೊಡಕುಗಳುಂಟು. ಪದರವನ್ನು ಕೊಯ್ಯುವಾಗ ಕಾರ್ನಿಯಾದ ಸೂಕ್ಷ್ಮ ನರತಂತುಗಳು ತುಂಡಾಗುತ್ತವೆ. ಕಣ್ಣೀರು ಒಸರುವಂತೆ ಸೂಚನೆ ನೀಡುವ ತಂತುಗಳು ಇವೇ ಆದುದರಿಂದ ಕಣ್ಣು ಒಣಗಿ ಉರಿಯಬಹುದು. ಬಹುಮಂದಿಗೆ ಇದು ಕೆಲವು ತಿಂಗಳುಗಳಲ್ಲಿ ಶಮನವಾಗುವುದು, ಕೆಲವರಿಗೆ ಉಳಿದುಬಿಡುವುದು. ಇರುಳಿನಲ್ಲಿ ಪಾಪೆಯು ಹಿಗ್ಗಿದಾಗ, ಸವೆಸಿದ ಭಾಗದ ಅಂಚಿನಾಚೆಯಿಂದಲೂ ಬೆಳಕು ಒಳಹೊಕ್ಕು, ದೀಪಗಳ ಸುತ್ತ ಪ್ರಭಾವಲಯಗಳು ತೋರಬಹುದು. ಮೂರನೆಯ ತೊಡಕು ವಿರಳ, ಆದರೆ ಘೋರವಾದುದು: ತೀರ ತೆಳುವಾದ ಅಥವಾ ಮೊದಲೇ ದುರ್ಬಲವಾಗಿದ್ದ ಕಾರ್ನಿಯಾವು ಕಣ್ಣೊಳಗಿನ ಒತ್ತಡಕ್ಕೆ ಮುಂದಕ್ಕೆ ಉಬ್ಬಿ ದೃಷ್ಟಿಯನ್ನೇ ಕೆಡಿಸುವುದು.

ಮೊದಲಿನ ಎರಡನ್ನು ಗೋಡೆಯ ಮೇಲಿನ ಅಕ್ಷರಫಲಕವು ತಿಳಿಸಲಾರದು. ವೈದ್ಯರ ಕೋಣೆಯಲ್ಲಿ ಕೊನೆಯ ಸಾಲನ್ನು ಸಲೀಸಾಗಿ ಓದಿದವನೂ ರಾತ್ರಿಯ ರಸ್ತೆಯಲ್ಲಿ ಎದುರು ವಾಹನದ ದೀಪಕ್ಕೆ ಕಂಗೆಡಬಹುದು. ಆದುದರಿಂದಲೇ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇತರ ಸಂಸ್ಥೆಗಳೊಡಗೂಡಿ 2009ರಲ್ಲಿ ಕೈಗೊಂಡ ಯೋಜನೆಯಲ್ಲಿ ಚಿಕಿತ್ಸೆ ಪಡೆದವರನ್ನೇ ಪ್ರಶ್ನಿಸಲಾಯಿತು. ಪ್ರಭಾವಲಯವೇ ಮೊದಲಾದ ದೃಷ್ಟಿಲಕ್ಷಣಗಳು ಹಿಂದೆ ಇಲ್ಲದಿದ್ದವರಲ್ಲಿ ಶೇಕಡ 46ರವರೆಗೆ ಮೂರು ತಿಂಗಳ ತರುವಾಯ ಅಂಥ ಒಂದಾದರೂ ಲಕ್ಷಣವಿದೆಯೆಂದರು. ಕಣ್ಣು ಒಣಗುವ ತೊಂದರೆ ಹಿಂದೆ ಇಲ್ಲದಿದ್ದವರಲ್ಲಿ ಶೇಕಡ 28ರವರೆಗೆ ಅದನ್ನು ಅನುಭವಿಸಿದರು. ಆದರೂ ಬಹುತೇಕರು ತಮ್ಮ ದೃಷ್ಟಿಯ ಬಗೆಗೆ ಸಂತುಷ್ಟರಾಗಿದ್ದರು. ದೃಷ್ಟಿಲಕ್ಷಣಗಳಿಂದ ನಿತ್ಯಕರ್ಮಗಳಿಗೆ ಬಹಳ ಅಡ್ಡಿಯಾದವರು ಶೇಕಡ 1ಕ್ಕಿಂತಲೂ ಕಡಮೆ. ಎರಡೂ ನಿಜವೇ. ಒಂದನ್ನು ಮಾತ್ರ ಸಾರಿ ಇನ್ನೊಂದನ್ನು ಮರೆಸುವುದು ಅರ್ಧಸತ್ಯವೆನಿಸುವುದು.

ಹೊಂದದ ಕನ್ನಡಕವನ್ನು ಬದಲಿಸಬಹುದು. ಸವೆದ ಕಾರ್ನಿಯಾವು ಮರಳಿ ಬೆಳೆಯದು. ರೋಗವಿಲ್ಲದ ಅಂಗವನ್ನು ಕೊಯ್ಯುವಾಗ ವೈದ್ಯರ ಹೊಣೆಯು ಇಮ್ಮಡಿಯಾಗುವುದು. ಈ ವಿವರಗಳನ್ನು ಚಿಕಿತ್ಸೆಗೆ ಬಹು ಮುನ್ನವೇ ತಿಳಿಗನ್ನಡದಲ್ಲಿ ಬರೆದುಕೊಡುವುದು ಆಸ್ಪತ್ರೆಗಳ ಕರ್ತವ್ಯ. ಹದಿನೆಂಟು ತುಂಬುವವರೆಗೆ ಕಾಯುವುದು, ಕನ್ನಡಕದ ಸಂಖ್ಯೆಯು ವರ್ಷಕಾಲವಾದರೂ ಬದಲಾಗದೆ ನಿಂತಿದೆಯೇ ಎಂದು ನೋಡುವುದು, ಕಾರ್ನಿಯಾದ ದಪ್ಪವನ್ನೂ ಆಕಾರವನ್ನೂ ಅಳೆಸಿಕೊಳ್ಳುವುದು ವಿದ್ಯಾರ್ಥಿಗಳ ಕರ್ತವ್ಯ. ಇಷ್ಟನ್ನೂ ಅರಿತು ಒಪ್ಪಿದವನದು ವಿವೇಕ; ಅರಿಯದೆ ಒಪ್ಪಿದವನದು ಬರಿಯ ಸಾಹಸ.