ವಿಶ್ವಾಸವನ್ನು ಪದವಿಗೆ ಬೆರೆಸುತ್ತೀರಾ? ಕನ್ನಡದಲ್ಲಿ ಬೆರೆಸಿ!

ಕ್ರೈಸ್ತ ಕಾಲೇಜುಗಳ ಪದವಿ, ಸ್ನಾತಕೋತ್ತರ ಪಾಠಗಳಲ್ಲಿ ಕ್ರೈಸ್ತ ವಿಶ್ವಾಸ ಬೆರೆಯಬೇಕು ಎಂದು ಕೆಲವರು. ಕಾಲೇಜಿಗೂ ದೇವರಿಗೂ ಏನು ಸಂಬಂಧ ಎಂದು ಇನ್ನು ಕೆಲವರು. ಹುಪರಿಯಲ್ಲಿ ಬೆಳ್ಳಿ ಕೆಲಸದವರ ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸುವ ನಮಗ್ಯಾಕೆ ಈ ಉಸಾಬರಿ ಅಂತೀರಾ? ಇದೆ ಸ್ವಾಮಿ, ಇದೆ. ನಮ್ಮ ಮಕ್ಕಳೂ ನಾಳೆ ಪದವಿಗೆ ಹೋಗುವವರೇ.

ಸಂಬಂಧವೇ ಇಲ್ಲ ಎನ್ನುವವರಿಗೆ ಮೊದಲು ಒಂದು ಮಾತು. ಕಿಟೆಲ್ಲರ ನಿಘಂಟು ತೆಗೆದಿಟ್ಟು ಕನ್ನಡ ಎಂಎ ಪಾಠ ಮಾಡಿ ನೋಡೋಣ! 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ಪುಸ್ತಕ ಬಾಸೆಲ್ ಮಿಷನ್ನಿನ ಪಾದ್ರಿಯೊಬ್ಬರು ಮಾಡಿದ್ದು. ಕೇಶಿರಾಜನ ಶಬ್ದಮಣಿದರ್ಪಣ, ನಾಗವರ್ಮನ ಛಂದೋಂಬುಧಿಗಳನ್ನು ಸಂಪಾದಿಸಿದವರೂ ಅವರೇ. ಯೇಸುವಿನ ಕಥೆಯನ್ನು ಕನ್ನಡ ಛಂದಸ್ಸಿನಲ್ಲಿ 'ಕಥಾಮಾಲೆ' ಎಂದು 1862ರಲ್ಲೇ ಹಾಡಿದರು. ಅವರ ವಿಶ್ವಾಸ ಯಾವುದು, ವಿದ್ವತ್ತು ಯಾವುದು, ಬೇರೆ ಮಾಡಿ ತೋರಿಸಿ.

ಈಗ ಬೆರೆಸುತ್ತೇವೆ ಎನ್ನುವವರ ಸರದಿ. ನೀವು ಬೆರೆಸುತ್ತಿರುವುದಾದರೂ ಏನು? ಬೆಳಿಗ್ಗೆ ಇಂಗ್ಲಿಷ್ ಪ್ರಾರ್ಥನೆ, ಗೋಡೆಯ ಮೇಲೊಂದು ಇಂಗ್ಲಿಷ್ ವಾಕ್ಯ, ವಾರಕ್ಕೊಂದು ಮೌಲ್ಯಶಿಕ್ಷಣದ ತಾಸು. ಅಷ್ಟೇ ತಾನೆ? ಉಳಿದ ಪಾಠವೆಲ್ಲ ಎಲ್ಲರದ್ದೂ ಇದ್ದಂತೆಯೇ ಇದೆ. ನಮ್ಮ ಶಾಲೆಯಿಂದ ಹೋದ ಹುಡುಗಿಯೊಬ್ಬಳು ಇಂಥದ್ದೇ ಒಂದು ಕಾಲೇಜಿನ ಬಾಗಿಲಲ್ಲಿ "ನಿನ್ನ ಇಂಗ್ಲಿಷ್ ಸಾಲದು" ಎನಿಸಿಕೊಂಡು ಮರಳಿ ಬಂದಳು. ಬಡವರ ಮನೆಬಾಗಿಲಿಗೆ ಹೋಗು ಎಂದ ಧರ್ಮದ ಹೆಸರು ಆ ಬಾಗಿಲ ಮೇಲೆಯೇ ಇತ್ತು.

ಸೆರಾಂಪುರದ ಕಾಲೇಜು 1818ರಲ್ಲಿ ಹುಟ್ಟಿದಾಗ ಅದನ್ನು ಕಟ್ಟಿದವರು ಹೀಗೆ ಯೋಚಿಸಲಿಲ್ಲ. ಈ ದೇಶದ ಸಾಹಿತ್ಯ, ಪಶ್ಚಿಮದ ವಿಜ್ಞಾನ ಎರಡನ್ನೂ ಕ್ರೈಸ್ತರಿಗೂ ಇತರರಿಗೂ ಕಲಿಸಬೇಕೆಂದೇ ಹೊರಟರು. 1827ರಲ್ಲಿ ಡೆನ್ಮಾರ್ಕಿನ ದೊರೆಯಿಂದ ಪದವಿ ಕೊಡುವ ಅಧಿಕಾರ ಬಂತು. ಇಂದಿಗೂ ದೇಶದ ಎಷ್ಟೋ ದೈವಶಾಸ್ತ್ರ ಕಾಲೇಜುಗಳ ಪದವಿ ಬರುವುದು ಅಲ್ಲಿಂದಲೇ. ಅದರ ಸ್ಥಾಪಕರಲ್ಲೊಬ್ಬರಾದ ವಿಲಿಯಂ ಕೇರಿ 1805ರಲ್ಲಿ ಮರಾಠಿ ವ್ಯಾಕರಣ ಬರೆದರು, 1817ರಲ್ಲಿ ಕನ್ನಡ ವ್ಯಾಕರಣ. ಗಡಿಯ ನಮಗೆ ಬೇಕಾದ ಎರಡೂ ಭಾಷೆ ಒಬ್ಬನೇ ಮನುಷ್ಯನ ಮೇಜಿನ ಮೇಲಿದ್ದವು ನೋಡಿ! ಈಗ ಗಡಿ ಎಂದರೆ ಮೇಲಿನವರಿಗೆ ನಕಾಶೆಯ ಗೆರೆ ಮಾತ್ರ.

ಆದರೆ ನಮಗೆ ಇವರೆಲ್ಲರಿಗಿಂತ ಹತ್ತಿರದವರು ಉತ್ತಂಗಿ ಚನ್ನಪ್ಪನವರು. ಧಾರವಾಡದಲ್ಲಿ 1881ರಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನ ಶಾಲೆಗಳಲ್ಲಿ ಓದಿ ಪಾದ್ರಿಯಾದವರು. ಇವರು ಮಾಡಿದ ಕೆಲಸ ಯಾವುದು? ಊರೂರು ಸುತ್ತಿ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಸರ್ವಜ್ಞನನ್ನು ಓದುವುದಕ್ಕೆ ಅವರು ಯೇಸುವನ್ನು ಬಿಡಬೇಕಾಗಲಿಲ್ಲ. ಯೇಸುವಿನ ಮಾತು ಹೇಳುವುದಕ್ಕೆ ಕನ್ನಡವನ್ನೂ ಬಿಡಲಿಲ್ಲ. ವಿಶ್ವಾಸ ವಿದ್ಯೆಯಲ್ಲಿ ಬೆರೆಯುವುದೆಂದರೆ ನಾವು ತಿಳಿದಿರುವುದು ಇದನ್ನೇ.

ಕಾನೂನಿನ ಮಾತೂ ಬರಲಿ. ಅಲ್ಪಸಂಖ್ಯಾತರು ತಮ್ಮ ಸಂಸ್ಥೆ ಕಟ್ಟಿ ನಡೆಸಲು ಸಂವಿಧಾನದ 30ನೇ ವಿಧಿ ಹಕ್ಕು ಕೊಟ್ಟಿದೆ. ಅದು ಕಿತ್ತುಕೊಳ್ಳುವಂಥದ್ದಲ್ಲ. 28ನೇ ವಿಧಿಯ ಪ್ರಕಾರ, ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಒಪ್ಪಿಗೆಯಿಲ್ಲದೆ ಯಾರನ್ನೂ ಪ್ರಾರ್ಥನೆಗೆ ಕೂರಿಸುವಂತಿಲ್ಲ. ಅಂದ ಮೇಲೆ ಹಾಜರಿ ಹಿಡಿದು ವಿಶ್ವಾಸ ಬೆರೆಸುವ ಆಸೆ ಬಿಡಿ. 30ನೇ ವಿಧಿಯಲ್ಲಿ ಧರ್ಮದ ಜೊತೆ ಭಾಷಾ ಅಲ್ಪಸಂಖ್ಯಾತರೂ ಇದ್ದಾರೆ ಎಂಬುದನ್ನು ಮರೆಯಬೇಡಿ. ಮಹಾರಾಷ್ಟ್ರದಲ್ಲಿ ಕನ್ನಡದವರಾದ ನಾವು ಅವರೇ!

ಹಾಗಾಗಿ ಕ್ರೈಸ್ತ ಕಾಲೇಜುಗಳ ಆಡಳಿತ ಮಂಡಳಿಗಳಿಗೆ ನಮ್ಮ ಬೇಡಿಕೆ ಚಿಕ್ಕದು. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ವರ್ಷ ಒಂದು ಇಂಗ್ಲಿಷ್ ಸೇತುವೆ ಪಾಠ ಇಡಿ. ಉತ್ತಂಗಿ, ಕಿಟೆಲ್ ಇವರನ್ನು ಎಲ್ಲರಿಗೂ ಕಲಿಸುವ ಒಂದು ಪತ್ರಿಕೆಯನ್ನು ಕನ್ನಡದಲ್ಲೇ ಇಡಿ. ಪ್ರವೇಶದ ಅರ್ಜಿ ಕನ್ನಡದಲ್ಲೂ ಅಚ್ಚಾಗಲಿ, ಜೂನ್‌ಗೆ ಮುಂಚೆ ನಮ್ಮ ಶಾಲೆಗಳಿಗೂ ನಾಲ್ಕು ಪ್ರತಿ ಬರಲಿ. ತುಂಬಿಸಿ ಕಳಿಸುವ ಕೆಲಸ ನಮ್ಮದು.