ಹ್ಯೂಸನನ್ನು ನಾವೇಕೆ ಮರೆತೆವು?

ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ 1780ರ ಸೆಪ್ಟೆಂಬರಿನ ಪೊಳ್ಳಿಲೂರು ಕಾಳಗದ ಚಿತ್ರವಿದೆ. ಮೇಷ್ಟರುಗಳು ಹುಡುಗರನ್ನು ಅದರ ಮುಂದೆ ನಿಲ್ಲಿಸಿ, ಸೋತ ಕರ್ನಲ್ ಬೇಯ್ಲಿಯ ಪಲ್ಲಕ್ಕಿಯನ್ನು ತೋರಿಸುತ್ತಾರೆ. ತೋರಿಸಲಿ, ಸಂತೋಷವೇ. ಆದರೆ ಆ ಅರಮನೆಯ ಹೆಸರಿಗೆ ಕಡಲಿನ ಸಂಪತ್ತು ಎಂದರ್ಥ. ಅದೇ ವರ್ಷ ಕಡಲಿನಲ್ಲಿ ಏನಾಯಿತೆಂಬುದನ್ನು ಹೇಳುವವರು ಯಾರು?

ಪೊಳ್ಳಿಲೂರಿನ ಗೆಲವಿಗೆ ಮೂರು ತಿಂಗಳು ತುಂಬುವ ಮೊದಲೇ, ಸರ್ ಎಡ್ವರ್ಡ್ ಹ್ಯೂಸನೆಂಬ ಇಂಗ್ಲಿಷ್ ನೌಕಾಧಿಪತಿ ಮಂಗಳೂರಿಗೆ ಬಂದು ಹೈದರಾಲಿಯ ಹಡಗುಗಳನ್ನು ಹಾಳುಗೆಡವಿದ. ಮರುವರ್ಷ ಡಚ್ಚರಿಂದ ನಾಗಪಟ್ಟಣ ಹೋಯಿತು. 1782ರ ಜನವರಿಯಲ್ಲಿ ತಿರುಕೋಣಮಲೆಯೂ ಹೋಯಿತು. ಹೈದರನ ನೆರವಿಗೆ ಬಂದ ಫ್ರೆಂಚರ ಸಫ್ರೆನ್ನನೊಡನೆ ಹ್ಯೂಸ್ ಒಂದೂವರೆ ವರ್ಷದೊಳಗೆ ಐದು ಬಾರಿ ಕಾದಿದ.

ಈ ಐದರಲ್ಲಿ ಒಂದನ್ನೂ ಅವನು ಸ್ಪಷ್ಟವಾಗಿ ಗೆಲ್ಲಲಿಲ್ಲವೆಂದು ಅವನ ನಾಡಿನವರೇ ಮೂಗು ಮುರಿದಿದ್ದಾರೆ. ಸಫ್ರೆನ್ ಪ್ರತಿಭಾವಂತ, ಹ್ಯೂಸ್ ಜಡ ಎಂಬುದು ಅವರ ತೀರ್ಪು. ನಾನು ಒಪ್ಪುವುದಿಲ್ಲ. ಸಫ್ರೆನ್ನನಿಗೆ ಬೇಕಾಗಿದ್ದುದು ಇಂಗ್ಲಿಷರ ಹಡಗುಪಡೆಯ ನಾಶ. ಅದೊಂದು ಅವನ ಕೈಗೆ ಸಿಕ್ಕಲಿಲ್ಲ. ತಿರುಕೋಣಮಲೆಯನ್ನು ಅದೇ ವರ್ಷ ಕಳೆದುಕೊಂಡರೂ, ಹ್ಯೂಸ್ ಮುರಿದ ಹಡಗುಗಳನ್ನು ಮುಂಬಯಿಗೆ ಒಯ್ದು ದುರಸ್ತಿಮಾಡಿಸಿ ಮತ್ತೆ ಬಂದ. ಚೋಳಮಂಡಲ ತೀರದಲ್ಲಿ ಹಿಂಗಾರಿಗೆ ತಡೆಯುವ ರೇವಿಲ್ಲ, ಹಡಗು ರಿಪೇರಿಯ ಗೋದಿಯಿಲ್ಲ, ಮುಂಬಯಿಯಲ್ಲಿ ಗೋದಿಯಿತ್ತು. ಮೈಸೂರಿನ ಪಾಲಿಗೆ ಈ ಗೋದಿ ಬೇಯ್ಲಿಯ ಫಿರಂಗಿಗಳಿಗಿಂತ ಅಪಾಯದ್ದಾಗಿತ್ತು.

ಇಂಗ್ಲಿಷರನ್ನು ನೆಲದ ಮೇಲೆ ಸೋಲಿಸಬಲ್ಲೆ, ಕಡಲನ್ನು ಬತ್ತಿಸಲಾರೆ ಎಂದು ಹೈದರ್ ಹೇಳಿದನೆಂಬ ಪ್ರತೀತಿಯಿದೆ. ನಮ್ಮ ಭಾಷಣಕಾರರು ಈ ಮಾತನ್ನು ಸಭೆ ಸಭೆಯಲ್ಲೂ ಉದುರಿಸುತ್ತಾರೆ. ಆಗ ಆ ಕಡಲನ್ನು ಕಾಯುತ್ತಿದ್ದವನ ಹೆಸರು ಕೇಳಿದರೆ ಮುಖ ಮುಖ ನೋಡುತ್ತಾರೆ! ಬಯಲುಸೀಮೆಗೂ ಸಮುದ್ರಕ್ಕೂ ಎಲ್ಲಿಯ ಸಂಬಂಧ ಎನ್ನುವವರೂ ಉಂಟು. ಅಕ್ಕಿಹೆಬ್ಬಾಳನ್ನು ಹಾದುಹೋಗುವ ಹೇಮಾವತಿ ಕಾವೇರಿಯನ್ನು ಸೇರಿ, ಶ್ರೀರಂಗಪಟ್ಟಣವನ್ನು ಸುತ್ತಿ ಹರಿಯುವುದು ಕೊನೆಗೆ ನಾಗಪಟ್ಟಣದ ಸೀಮೆಯ ಕಡಲಿಗೇ. 1782ರ ಜುಲೈ 6ರಂದು ಹ್ಯೂಸ್, ಸಫ್ರೆನ್ ಗುಂಡು ಹಾರಿಸಿಕೊಂಡುದು ಅಲ್ಲಿಯೇ.

ಹ್ಯೂಸ್ ಮಹಾತ್ಮನೇನೂ ಅಲ್ಲ. ಇಲ್ಲಿಂದ ಅಪಾರ ಹಣ ಹೊತ್ತುಕೊಂಡು ಹೋಗಿ, 1794ರಲ್ಲಿ ತನ್ನ ನಾಡಿನಲ್ಲಿ ಸುಖವಾಗಿ ಸತ್ತ. ಅವನನ್ನು ಹೊಗಳಬೇಕೆಂದು ಯಾರೂ ಕೇಳುತ್ತಿಲ್ಲ. ಟಿಪ್ಪು 1796ರಲ್ಲಿ ಯುದ್ಧನೌಕೆಗಳ ಪಡೆ ಕಟ್ಟಲು ಹುಕುಂ ಹೊರಡಿಸಿದನೆಂದು ಹೆಮ್ಮೆಯಿಂದ ಬರೆಯುತ್ತೇವೆ. ಮೂರು ವರ್ಷಕ್ಕೆ ಶ್ರೀರಂಗಪಟ್ಟಣವೇ ಬಿದ್ದಿತು. ಆ ಹುಕುಮು ಹದಿನಾರು ವರ್ಷ ತಡವಾಯಿತೇಕೆಂದು ಹುಡುಗನೊಬ್ಬ ಎದ್ದುನಿಂತು ಕೇಳಿದರೆ, ಮಂಗಳೂರಿನ ಪ್ರಸಂಗವನ್ನು ಬಿಟ್ಟು ಮೇಷ್ಟರು ಏನು ಉತ್ತರ ಕೊಟ್ಟಾರು?